ಬಟನ್ ಒತ್ತಿದರೂ ಟ್ರೇ ಬರ್ತಿಲ್ವಾ? ಹಳೆ ಕಂಪ್ಯೂಟರಿನ ಡಿಸ್ಕ್ ಡ್ರೈವ್ ಬಾಯಿ ಬಿಡಿಸುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತುಹೋಯಿತು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಮೂಲೆಯ ಹಳೆ ಕಂಪ್ಯೂಟರಿನ ಬಗ್ಗೆ ಮಾತು ಶುರುವಾಗಿದೆ. ಇಟ್ಟುಕೊಳ್ಳೋಣವಾ, ಗುಜರಿಗೆ ಹಾಕೋಣವಾ? ಹಾಕುವ ಮುಂಚೆ ಬೀರುವಿನಲ್ಲಿರುವ ಸಿಡಿ, ಡಿವಿಡಿಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡುಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಮದುವೆ ವಿಡಿಯೋ, ಗೃಹಪ್ರವೇಶದ ಫೋಟೋ, ಮಕ್ಕಳ ಸ್ಕೂಲ್ ಡೇ, ಆಸ್ಪತ್ರೆಯಲ್ಲಿ ಕೊಟ್ಟ ಸ್ಕ್ಯಾನ್ ಎಲ್ಲವೂ ಒಂದು ಕಾಲದಲ್ಲಿ ಡಿಸ್ಕಿನಲ್ಲೇ ಮನೆಗೆ ಬರುತ್ತಿದ್ದವು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕಲು ಜಾಗವೇ ಇರೋದಿಲ್ಲ. ಹಾಗಾಗಿ ಹಳೆ ಪೆಟ್ಟಿಗೆಯ ಧೂಳು ಒರೆಸಿ ಅದನ್ನೇ ಆನ್ ಮಾಡಬೇಕು.

ತೊಂದರೆ ಶುರುವಾಗೋದು ಅಲ್ಲೇ. ಬಟನ್ ಒತ್ತಿದರೆ ಟ್ರೇ ಹೊರಗೆ ಬರೋದಿಲ್ಲ. ಅಥವಾ ಹೇಗೋ ಒಂದು ಸಲ ಬಂದು, ಡಿಸ್ಕ್ ನುಂಗಿಕೊಂಡು, ಆಮೇಲೆ ಜಪ್ಪಯ್ಯ ಅಂದರೂ ಬಾಯಿ ಬಿಡೋದಿಲ್ಲ. ಮನೆಯಲ್ಲಿ ಒಬ್ಬರು ಚಾಕು ಹುಡುಕುತ್ತಾರೆ, ಇನ್ನೊಬ್ಬರು ಪೆಟ್ಟಿಗೆಯ ತಲೆಗೆ ಎರಡು ಬಾರಿಸುತ್ತಾರೆ. ಎರಡೂ ಬೇಡ. ಡ್ರೈವ್ ಹಾಳಾದರೆ ಇನ್ನೊಂದು ಸಿಗುತ್ತದೆ, ಅದೂ ಕಡಿಮೆ ದುಡ್ಡಿಗೆ. ಒಳಗಿರುವ ಮದುವೆ ಡಿವಿಡಿ ಇನ್ನೊಂದು ಎಲ್ಲಿಂದ ತರೋದು? ಆದ್ದರಿಂದ ಡ್ರೈವ್ ರಿಪೇರಿ ಆಮೇಲೆ ನೋಡಿಕೊಳ್ಳೋಣ. ಮೊದಲು ಡಿಸ್ಕಿಗೆ ಗೀರು ಬೀಳದಂತೆ ಅದನ್ನು ಹೊರಗೆ ತೆಗೆಯಬೇಕು.

## ಒಳಗೆ ಏನೇನಿದೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ದೊಡ್ಡ ಪೆಟ್ಟಿಗೆಯನ್ನು ನಾವೆಲ್ಲ ಸಿಪಿಯು ಅಂತಲೇ ಕರೆಯೋದು. ಅದರ ಮುಂಭಾಗದಲ್ಲಿ, ಮೇಲ್ಗಡೆ ಅಗಲವಾಗಿ ಕೂತಿರುವುದೇ ಡಿಸ್ಕ್ ಡ್ರೈವ್. ಸಿಡಿ ಡ್ರೈವ್, ಡಿವಿಡಿ ರೈಟರ್, ಆಪ್ಟಿಕಲ್ ಡ್ರೈವ್, ಹೆಸರು ಯಾವುದಾದರೂ ಟ್ರೇ ಓಡಾಡುವ ಏರ್ಪಾಡು ಹೆಚ್ಚುಕಡಿಮೆ ಒಂದೇ. ಸಿಡಿ, ಡಿವಿಡಿ ಎರಡರ ಅಳತೆಯೂ ಒಂದೇ: 120 ಮಿಲಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ, ನಡುವೆ 15 ಮಿಲಿಮೀಟರಿನ ತೂತು.

ಟ್ರೇ ಅಂದರೆ ನಾವು ಡಿಸ್ಕ್ ಇಡುವ ಪ್ಲಾಸ್ಟಿಕ್ ತಟ್ಟೆ. ಅದರ ಅಡಿಯಲ್ಲಿ ಒಂದು ಬದಿಗೆ ಉದ್ದಕ್ಕೂ ಹಲ್ಲುಗಳಿರುತ್ತವೆ. ಆ ಹಲ್ಲುಗಳಿಗೆ ಒಂದು ಪ್ಲಾಸ್ಟಿಕ್ ಗೇರ್ ಕಚ್ಚಿಕೊಂಡಿರುತ್ತದೆ. ಗೇರನ್ನು ತಿರುಗಿಸಲು ಒಂದು ಪುಟ್ಟ ಮೋಟಾರ್. ಮೋಟಾರಿಗೂ ಗೇರಿಗೂ ನಡುವೆ ಬಳೆಗಿಂತ ಚಿಕ್ಕದಾದ ಒಂದು ರಬ್ಬರ್ ಬೆಲ್ಟ್. ಈ ಬೆಲ್ಟನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಕಳ್ಳ.

ಡಿಸ್ಕನ್ನು ಗಿರಗಿರ ತಿರುಗಿಸುವುದು ಬೇರೆ ಮೋಟಾರ್. ಅದರ ತುದಿಯಲ್ಲಿ ಡಿಸ್ಕ್ ಕೂರುವ ಗುಬಟು ಇರುತ್ತದೆ. ಅದನ್ನು ಸ್ಪಿಂಡಲ್ ಅನ್ನುತ್ತಾರೆ. ಸ್ಪಿಂಡಲ್ಲೂ, ಡಿಸ್ಕನ್ನು ಓದುವ ಲೇಸರ್ ಕಣ್ಣೂ ಒಂದೇ ಚೌಕಟ್ಟಿನ ಮೇಲಿರುತ್ತವೆ. ಟ್ರೇ ಪೂರ್ತಿ ಒಳಗೆ ಹೋದ ಮೇಲೆ ಬೆಲ್ಟಿನ ಮೋಟಾರೇ ಈ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಸ್ಪಿಂಡಲ್ ಬಂದು ಡಿಸ್ಕಿನ ನಡುವಿನ ತೂತಿಗೆ ಕೂರುತ್ತದೆ, ಡಿಸ್ಕ್ ಟ್ರೇಯಿಂದ ಸ್ವಲ್ಪ ಮೇಲೇಳುತ್ತದೆ. ಮೇಲಿನಿಂದ ಒಂದು ದುಂಡು ಬಿಲ್ಲೆ ಅದನ್ನು ಅದುಮಿಕೊಳ್ಳುತ್ತದೆ. ಈ ಬಿಲ್ಲೆಗೆ ಕ್ಲ್ಯಾಂಪ್ ಅನ್ನೋಣ. ಸ್ಪಿಂಡಲ್, ಕ್ಲ್ಯಾಂಪ್ ಎರಡರಲ್ಲಿ ಒಂದರಲ್ಲಿ ಮ್ಯಾಗ್ನೆಟ್ ಇರುತ್ತದೆ, ಇನ್ನೊಂದರಲ್ಲಿ ಕಬ್ಬಿಣದ ತುಂಡು. ಎರಡೂ ಸೆಳೆದುಕೊಂಡು ನಡುವೆ ಡಿಸ್ಕನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ.

ಇಷ್ಟು ಗಟ್ಟಿ ಯಾಕೆ ಬೇಕು? ವೇಗ ಹಾಗಿದೆ. ಡ್ರೈವಿನ ಮುಖದ ಮೇಲೆ 52 ಎಕ್ಸ್ ಅಂತ ಬರೆದಿದ್ದರೆ, ಸಿಡಿ ಓದುವಾಗ ಅದು ನಿಮಿಷಕ್ಕೆ ಸುಮಾರು 10,000 ಸುತ್ತಿನವರೆಗೂ ಹೋಗಬಲ್ಲದು. ಹಿಡಿತ ಸಡಿಲವಾದರೆ ಡಿಸ್ಕ್ ಜಾರಿ ಒಳಗೆಲ್ಲ ಉಜ್ಜಿಕೊಂಡು ಹಾಳಾಗುತ್ತದೆ.

ಹೊರಗೆ ಬರುವಾಗ ಇದೆಲ್ಲ ಹಿಂದುಮುಂದಾಗಿ ನಡೆಯಬೇಕು. ಮೊದಲು ಡಿಸ್ಕ್ ನಿಲ್ಲಬೇಕು. ಆಮೇಲೆ ಮ್ಯಾಗ್ನೆಟ್ಟಿನ ಹಿಡಿತ ಬಿಡಿಸಿಕೊಂಡು ಚೌಕಟ್ಟು ಕೆಳಗಿಳಿಯಬೇಕು. ಕೊನೆಗೆ ಟ್ರೇ ಹೊರಡಬೇಕು. ಎಲ್ಲಿ ಎಡವಿದರೂ ನಮಗೆ ಕಾಣೋದು ಒಂದೇ: ಬಟನ್ ಒತ್ತಿದೆ, ಟ್ರೇ ಬರಲಿಲ್ಲ.

## ಬೀಗ ಹಾಕಿರುವುದು ಕಂಪ್ಯೂಟರೇ ಇರಬಹುದು

ಡ್ರೈವ್ ಕೆಟ್ಟಿದೆ ಅಂತ ತೀರ್ಮಾನಿಸುವ ಮುಂಚೆ ಒಂದು ವಿಷಯ ತಿಳಿದಿರಲಿ. ಡ್ರೈವಿನ ಬಾಗಿಲಿಗೆ ಬೀಗ ಹಾಕುವ ಅಧಿಕಾರ ಕಂಪ್ಯೂಟರಿಗೆ ಇದೆ. ಡಿಸ್ಕಿಗೆ ಏನಾದರೂ ಬರೆಯುತ್ತಿರುವಾಗ ಅಥವಾ ಒಂದು ಪ್ರೋಗ್ರಾಮ್ ಅದರಲ್ಲಿರುವ ಫೈಲನ್ನು ಬಳಸುತ್ತಿರುವಾಗ "ಈಗ ಬಿಡಬೇಡ" ಅಂತ ಡ್ರೈವಿಗೆ ಸೂಚನೆ ಹೋಗಿರುತ್ತದೆ. ಆಗ ಮುಂದಿನ ಬಟನ್ನನ್ನು ಎಷ್ಟು ಒತ್ತಿದರೂ ಅಷ್ಟೇ. ವಿಡಿಯೋ ಪ್ಲೇಯರ್ ಮುಚ್ಚಿದ್ದೇವೆ ಅಂದುಕೊಂಡಿರುತ್ತೇವೆ, ಅದು ಹಿಂದೆ ಸುಮ್ನೆ ಕೂತಿರುತ್ತದೆ. ಆಂಟಿವೈರಸ್ ಡಿಸ್ಕನ್ನು ಜಾಲಾಡುತ್ತಿರುತ್ತದೆ.

ಗೀರು ಬಿದ್ದ ಡಿಸ್ಕ್ ಕೂಡ ಹೀಗೇ ಆಡಿಸುತ್ತದೆ. ಲೇಸರ್ ಕಣ್ಣು ಒಂದು ಜಾಗದಲ್ಲಿ ಓದಲಾಗದೆ ಮತ್ತೆ ಮತ್ತೆ ಪ್ರಯತ್ನ ಮಾಡುತ್ತಿರುತ್ತದೆ. ಅದು ಮುಗಿಯುವವರೆಗೆ ಬಟನ್ನಿನ ಕಡೆ ಡ್ರೈವ್ ಗಮನ ಕೊಡೋದಿಲ್ಲ. ಒಂದೆರಡು ನಿಮಿಷ ಕೈ ಕಟ್ಟಿ ಕೂರುವ ತಾಳ್ಮೆ ಇದ್ದರೆ ಎಷ್ಟೋ ಸಲ ತಾನಾಗೇ ಬರುತ್ತದೆ.

ಕಾದರೂ ಬರದಿದ್ದರೆ ಎಲ್ಲ ಪ್ರೋಗ್ರಾಮ್‌ಗಳನ್ನು ಮುಚ್ಚಿ. ವಿಂಡೋಸ್‌ನಲ್ಲಿ ಡ್ರೈವಿನ ಚಿತ್ರದ ಮೇಲೆ ಮೌಸಿನ ಬಲ ಬಟನ್ ಒತ್ತಿ, ಇಜೆಕ್ಟ್ ಆಯ್ಕೆ ಮಾಡಿ. ಲಿನಕ್ಸ್ ಇದ್ದರೆ ಟರ್ಮಿನಲ್ಲಿನಲ್ಲಿ ಇಜೆಕ್ಟ್ ಅನ್ನುವ ಆದೇಶವೇ ಇದೆ.

ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಶಟ್‌ಡೌನ್ ಮಾಡಿ. ಮತ್ತೆ ಆನ್ ಮಾಡಿ, ವಿಂಡೋಸ್ ಗುರುತು ತೆರೆ ಮೇಲೆ ಬರುವ ಮುಂಚೆಯೇ ಡ್ರೈವಿನ ಬಟನ್ ಒತ್ತಿ. ಆ ಕೆಲವು ಸೆಕೆಂಡು ಡ್ರೈವಿಗೆ ಕರೆಂಟ್ ಬಂದಿರುತ್ತದೆ, ಬೀಗ ಹಾಕುವವರು ಇನ್ನೂ ಎದ್ದಿರೋದಿಲ್ಲ. ಟ್ರೇ ಸಲೀಸಾಗಿ ಬಂದರೆ ಡ್ರೈವ್ ಚೆನ್ನಾಗಿದೆ, ತೊಂದರೆ ಸಾಫ್ಟ್‌ವೇರಿನದು. ಬರಲಿಲ್ಲ ಅಂದರೆ ತೊಂದರೆ ಪೆಟ್ಟಿಗೆಯ ಒಳಗಿನದು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇಷ್ಟು ಸುಲಭವಾದ, ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಬೇರೊಂದಿಲ್ಲ. ಖರ್ಚಂತೂ ಇಲ್ಲವೇ ಇಲ್ಲ.

## ಈಗ ಕಿವಿಗೊಟ್ಟು ಕೇಳಿ

ಫ್ಯಾನ್ ಆಫ್ ಮಾಡಿ, ಟಿವಿ ಮ್ಯೂಟ್ ಮಾಡಿ, ಕಿವಿಯನ್ನು ಡ್ರೈವಿನ ಹತ್ತಿರ ತಂದು ಬಟನ್ ಒತ್ತಿ.

ಏನೂ ಸದ್ದಿಲ್ಲ, ಮುಂದಿನ ಪುಟ್ಟ ದೀಪವೂ ಹತ್ತಲಿಲ್ಲ ಅಂದರೆ ಕರೆಂಟೇ ಬರುತ್ತಿಲ್ಲ. ಪೆಟ್ಟಿಗೆಯನ್ನು ಆಚೀಚೆ ಸಾಗಿಸಿದಾಗ ಒಳಗಿನ ವೈರ್ ಸಡಿಲವಾಗುವುದು ಮಾಮೂಲು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದರೆ ಡ್ರೈವಿನ ಹಿಂಭಾಗ ಕಾಣುತ್ತದೆ. ಅಲ್ಲಿ ಎರಡು ಕೇಬಲ್ ಇರುತ್ತವೆ. ಒಂದು ಕರೆಂಟಿಗೆ, ಇನ್ನೊಂದು ಮಾಹಿತಿ ಸಾಗಿಸಲು. ಎರಡನ್ನೂ ತೆಗೆದು ಮತ್ತೆ ಒತ್ತಿ ಕೂರಿಸಿ. ಟ್ರೇ ತೆರೆಯಲು ಮಾಹಿತಿಯ ಕೇಬಲ್ ಬೇಕಿಲ್ಲ, ಕರೆಂಟ್ ಇದ್ದರೆ ಸಾಕು. ಅದನ್ನು ತೆಗೆದಿಟ್ಟು, ಮತ್ತೆ ಆನ್ ಮಾಡಿ ಬಟನ್ ಒತ್ತಿ ನೋಡಿದರೆ ಕಂಪ್ಯೂಟರಿನ ಬೀಗದ ಅನುಮಾನವೂ ಪೂರ್ತಿ ಹೋಗುತ್ತದೆ.

ದೀಪ ಹತ್ತುತ್ತದೆ, ಒಳಗೆ "ಜುಂಯ್" ಅಂತ ಒಂದು ಕ್ಷಣ ಮೋಟಾರ್ ತಿರುಗಿದ ಸದ್ದು ಬರುತ್ತದೆ, ಆಮೇಲೆ "ಟಕ್", ಮತ್ತೆ ಮೌನ. ಟ್ರೇ ಒಂದು ನೂಲಿನಷ್ಟೂ ಅಲ್ಲಾಡಲಿಲ್ಲ. ಹಳೆ ಡ್ರೈವ್‌ಗಳಲ್ಲಿ ಅತಿ ಹೆಚ್ಚು ಕೇಳುವ ಸದ್ದು ಇದೇ. ಮೋಟಾರ್ ಸರಿಯಾಗಿದೆ, ಬೆಲ್ಟ್ ಜಾರುತ್ತಿದೆ.

ಕಟಕಟ ಅಂತ ಹಲ್ಲು ಕಡಿದ ಸದ್ದು ಬಂದರೆ ಗೇರಿನ ಹಲ್ಲು ಮುರಿದಿರಬಹುದು ಅಥವಾ ಟ್ರೇ ಹಳಿ ತಪ್ಪಿ ಕೂತಿರಬಹುದು. ಇಲ್ಲಿ ಮತ್ತೆ ಮತ್ತೆ ಬಟನ್ ಒತ್ತಬೇಡಿ, ಇದ್ದ ಹಲ್ಲೂ ಹೋದೀತು.

ಟ್ರೇ ಸ್ವಲ್ಪ ಬಂದು ತಕ್ಷಣ ಒಳಗೇ ಹೋಗಿಬಿಡುವುದೂ ಉಂಟು. ಟ್ರೇ ಪೂರ್ತಿ ತೆರೆಯಿತು ಅಂತ ಹೇಳಲು ಒಳಗೊಂದು ಸಣ್ಣ ಸ್ವಿಚ್ ಇದೆ. ಟ್ರೇ ಅಲ್ಲಿವರೆಗೆ ತಲುಪದಿದ್ದರೆ ಏನೋ ಅಡ್ಡ ಬಂದಿದೆ ಅಂತ ತಿಳಿದು ಡ್ರೈವ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೆಲವು ಸಲ ನಿಜಕ್ಕೂ ಅಡ್ಡ ಇರುತ್ತದೆ: ಪೆಟ್ಟಿಗೆಯ ಮುಂದಿನ ಪ್ಲಾಸ್ಟಿಕ್ ಮುಖ ಒಂದು ಬದಿಗೆ ವಾಲಿ ಟ್ರೇಯ ಅಂಚಿಗೆ ತಾಗುತ್ತಿರುತ್ತದೆ. ಯಾರೋ ಡ್ರೈವ್ ಕೂರಿಸುವಾಗ ಅಗತ್ಯಕ್ಕಿಂತ ಉದ್ದದ ಸ್ಕ್ರೂ ಹಾಕಿದ್ದರೂ ಅದರ ತುದಿ ಒಳಗೆ ಚುಚ್ಚಿಕೊಂಡಿರಬಹುದು. ಸ್ಕ್ರೂ ಅರ್ಧ ಸುತ್ತು ಸಡಿಲಿಸಿ ನೋಡಿದರೆ ಗೊತ್ತಾಗುತ್ತದೆ.

## ಬೆಲ್ಟ್ ಸಡಿಲ, ಮ್ಯಾಗ್ನೆಟ್ ಗಟ್ಟಿ

ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ಸಡಿಲವಾದಾಗ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಮೋಟಾರ್ ಜೋರಾಗಿಯೇ ತಿರುಗುತ್ತಿರುತ್ತದೆ, ಕಲ್ಲು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಡ್ರೈವಿನೊಳಗೆ ನಡೆಯುವುದೂ ಅದೇ, ಅಳತೆ ಮಾತ್ರ ಚಿಕ್ಕದು.

ಹೊಸ ರಬ್ಬರ್ ಬೆಲ್ಟ್ ಬಿಗಿಯಾಗಿ, ಸ್ವಲ್ಪ ಒರಟಾಗಿ ಇರುತ್ತದೆ. ವರ್ಷ ಕಳೆದಂತೆ ರಬ್ಬರಿನ ಎಳೆತ ಕಡಿಮೆಯಾಗುತ್ತದೆ, ಮೈ ನುಣ್ಣಗಾಗಿ ಹೊಳೆಯತೊಡಗುತ್ತದೆ. ಬಳಸಿದರೆ ಮಾತ್ರ ಸವೆಯುತ್ತದೆ ಅಂದುಕೊಳ್ಳಬೇಡಿ. ಸುಮ್ನೆ ಕೂತ ಡ್ರೈವಿನಲ್ಲೂ ಹೀಗಾಗುತ್ತದೆ. ಎರಡು ಗಾಲಿಗಳ ನಡುವೆ ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಎಳೆದುಕೊಂಡಿದ್ದ ಬೆಲ್ಟನ್ನು ಹೊರಗೆ ತೆಗೆದರೆ ದುಂಡಗೆ ಇರುವುದೇ ಇಲ್ಲ, ಕೋಳಿಮೊಟ್ಟೆಯ ಆಕಾರಕ್ಕೆ ಬಂದಿರುತ್ತದೆ. ಸೆಕೆ, ಧೂಳು ಎರಡೂ ರಬ್ಬರಿಗೆ ಆಗಿಬರೋದಿಲ್ಲ. ಕರಾವಳಿಯ ಮನೆಗಳಿಗೂ, ಬೇಸಿಗೆಯಲ್ಲಿ ಕಾದ ಕಾವಲಿಯಾಗುವ ಬಯಲುಸೀಮೆಯ ಮನೆಗಳಿಗೂ ಈ ಕಾಟ ತಪ್ಪಿದ್ದಲ್ಲ.

ಇನ್ನು ಮ್ಯಾಗ್ನೆಟ್. ಟ್ರೇಯನ್ನು ತಳ್ಳಲು ದೊಡ್ಡ ಶಕ್ತಿಯೇನೂ ಬೇಡ, ಅದು ಹಗುರ. ಬೆಲ್ಟಿಗೆ ನಿಜವಾದ ಪರೀಕ್ಷೆ ಟ್ರೇ ಹೊರಡುವ ಮುಂಚಿನ ಕ್ಷಣ. ಸ್ಪಿಂಡಲ್ಲನ್ನು ಕ್ಲ್ಯಾಂಪಿನ ಹಿಡಿತದಿಂದ ಬಿಡಿಸಿ ಕೆಳಗೆ ಎಳೆಯಬೇಕಲ್ಲ, ಆಗ. ಹಳೆ ಬೆಲ್ಟ್ ಸೋಲುವುದು ಅಲ್ಲೇ. ಅದಕ್ಕೇ ಟ್ರೇಯನ್ನು ಒಂದು ಸಲ ಕೈಯಿಂದ ಹೊರಗೆಳೆದರೆ ಆಮೇಲೆ ಒಳಗೆ ಹೋಗುವುದು, ಹೊರಗೆ ಬರುವುದು ಅರ್ಧ ದಾರಿಯವರೆಗೆ ಚೆನ್ನಾಗಿಯೇ ಇರುತ್ತದೆ. ಪೂರ್ತಿ ಮುಚ್ಚಿಕೊಂಡ ಮೇಲೆ ಮತ್ತೆ ಮೊದಲಿನ ಹಾಡು.

ಇಲ್ಲೊಂದು ತಮಾಷೆ ಇದೆ. ಬೆಲ್ಟ್ ಸಡಿಲವಾದ ಡ್ರೈವ್ ಡಿಸ್ಕ್ ಇದ್ದಾಗ ಹೇಗೋ ತೆರೆದುಕೊಳ್ಳುತ್ತದೆ, ಖಾಲಿ ಇದ್ದಾಗ ಬಾಯಿ ಬಿಡೋದಿಲ್ಲ! ನೋಡಿದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಕಾರಣ ಸರಳ. ಡಿಸ್ಕ್ ಇದ್ದರೆ ಮ್ಯಾಗ್ನೆಟ್ಟಿಗೂ ಕಬ್ಬಿಣಕ್ಕೂ ನಡುವೆ ಅದರ 1.2 ಮಿಲಿಮೀಟರ್ ದಪ್ಪದಷ್ಟು ಅಂತರ ಇರುತ್ತದೆ. ಡಿಸ್ಕ್ ಇಲ್ಲದಿದ್ದರೆ ಎರಡೂ ಇನ್ನಷ್ಟು ಹತ್ತಿರ ಬಂದು ಕಚ್ಚಿಕೊಳ್ಳುತ್ತವೆ. ಮ್ಯಾಗ್ನೆಟ್ಟಿನ ಸೆಳೆತ ಹತ್ತಿರ ಹೋದಷ್ಟೂ ಬೇಗ ಬೇಗ ಹೆಚ್ಚುತ್ತದೆ. ಹಾಗಾಗಿ ಅರ್ಧಂಬರ್ಧ ಕೆಲಸ ಮಾಡುವ ಡ್ರೈವಿನಲ್ಲಿ ಬೇಡವಾದ ಒಂದು ಡಿಸ್ಕನ್ನು ಸದಾ ಇಟ್ಟಿರುವುದು ಒಳ್ಳೆಯದು. ಬಿರುಕಿಲ್ಲದ ಡಿಸ್ಕ್ ಆಗಿರಲಿ, ಅಷ್ಟೇ.

## ಮುಂಭಾಗದ ಆ ಪುಟ್ಟ ತೂತು

ಡ್ರೈವಿನ ಮುಖವನ್ನು ಗಮನವಿಟ್ಟು ನೋಡಿ. ಬಟನ್ ಇದೆ, ದೀಪ ಇದೆ, ಅವುಗಳ ಆಸುಪಾಸಿನಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಒಂದು ತೂತೂ ಇದೆ. ಹೆಚ್ಚಿನವರು ಇದನ್ನು ಹೆಡ್‌ಫೋನಿಗೋ ಮೈಕಿಗೋ ಇರಬೇಕು ಅಂದುಕೊಂಡಿರುತ್ತಾರೆ. ಇದು ತುರ್ತು ಬಾಗಿಲು. ಕರೆಂಟ್ ಇಲ್ಲದಿದ್ದರೂ, ಮೋಟಾರ್ ಸತ್ತಿದ್ದರೂ ಟ್ರೇ ತೆಗೆಯಲು ತಯಾರಕರೇ ಬಿಟ್ಟಿರುವ ದಾರಿ.

ಇದನ್ನು ಬಳಸುವ ಮುಂಚೆ ಕಂಪ್ಯೂಟರ್ ಆಫ್ ಆಗಿರಲೇಬೇಕು, ಗೋಡೆಯ ಪ್ಲಗ್ ಕಿತ್ತಿರಬೇಕು. ಒಳಗೆ ಡಿಸ್ಕ್ ತಿರುಗುತ್ತಿರುವಾಗ ಚೌಕಟ್ಟನ್ನು ಕೆಳಗಿಳಿಸಿದರೆ ಅದರ ಮೈಯೆಲ್ಲ ಗೀರು. ಪ್ಲಗ್ ಕಿತ್ತ ಮೇಲೂ ಅರ್ಧ ನಿಮಿಷ ಬಿಡಿ, ತಿರುಗುವುದು ನಿಲ್ಲಲಿ.

ಆಫೀಸಿನಲ್ಲಿ ಕಾಗದಕ್ಕೆ ಹಾಕುವ ಜೆಮ್ ಕ್ಲಿಪ್ ಒಂದನ್ನು ನೆಟ್ಟಗೆ ಮಾಡಿಕೊಳ್ಳಿ. ಫೋನಿನ ಸಿಮ್ ತೆಗೆಯುವ ಪಿನ್ ಮೋಟು, ಡೆಸ್ಕ್‌ಟಾಪ್ ಡ್ರೈವಿಗೆ ಅದು ಸಾಮಾನ್ಯವಾಗಿ ಸಾಲದು. ಹೊಲಿಗೆ ಸೂಜಿ ಬೇಡ, ಚೂಪು ತುದಿ ಪ್ಲಾಸ್ಟಿಕ್ಕಿಗೆ ಚುಚ್ಚಿಕೊಳ್ಳುತ್ತದೆ. ಕ್ಲಿಪ್ಪನ್ನು ನೇರವಾಗಿ, ಓರೆಯಾಗದಂತೆ ಒಳಗೆ ಬಿಡಿ. ಸ್ವಲ್ಪ ದೂರ ಹೋದ ಮೇಲೆ ಏನಕ್ಕೋ ತಾಗಿದ ಅನುಭವ ಆಗುತ್ತದೆ. ಅಲ್ಲಿಂದ ಮುಂದೆ ನಿಧಾನವಾಗಿ, ಗಟ್ಟಿಯಾಗಿ ಒತ್ತಬೇಕು. ಒಳಗಿನ ಒಂದು ಪಟ್ಟಿ ಸರಿದು ಚೌಕಟ್ಟನ್ನು ಕೆಳಗಿಳಿಸುತ್ತದೆ, ಜೊತೆಗೇ ಟ್ರೇಯನ್ನು ಒಂದಿಷ್ಟು ಹೊರಗೆ ನೂಕುತ್ತದೆ. ಮ್ಯಾಗ್ನೆಟ್ ಬಿಟ್ಟುಕೊಂಡದ್ದು ಬೆರಳಿಗೇ ಗೊತ್ತಾಗುತ್ತದೆ. ಟ್ರೇ ಒಂದೆರಡು ಸೆಂಟಿಮೀಟರ್ ಬಂದರೆ ಕೆಲಸ ಆದಂತೆ. ಅಂಚನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ಗೇರ್‌ಗಳು ತಿರುಗುವ ಬಿಗಿತ ಇರುತ್ತದೆ, ಅದು ಸಹಜ.

ಕ್ಲಿಪ್ ಏನಕ್ಕೂ ತಾಗದೆ ಸುಮ್ನೆ ಒಳಗೆ ಹೋಗುತ್ತಿದ್ದರೆ ದಿಕ್ಕು ತಪ್ಪಿದೆ. ಹೊರಗೆ ತೆಗೆದು ಮತ್ತೆ ನೇರ ಬಿಡಿ. ಕೆಲವು ಬ್ರಾಂಡೆಡ್ ಕಂಪ್ಯೂಟರ್‌ಗಳಲ್ಲಿ ಡ್ರೈವಿನ ಮುಂದೆ ಇನ್ನೊಂದು ಮುಚ್ಚಳ ಇರುವುದರಿಂದ ತೂತೇ ಕಾಣೋದಿಲ್ಲ. ಆ ಮುಚ್ಚಳವನ್ನು ಬೆರಳಿನಿಂದ ಕೆಳಗೆ ಮಡಚಿದರೆ ಹಿಂದೆ ಸಿಗುತ್ತದೆ.

## ಬಿಚ್ಚಿ ನೋಡುವ ಧೈರ್ಯ ಇದ್ದರೆ

ಡಿಸ್ಕ್ ಹೊರಬಂತು, ಆದರೆ ಇನ್ನೂ ನಲವತ್ತು ಡಿಸ್ಕ್ ಕಾಪಿ ಮಾಡಬೇಕಿದೆ ಅಂದರೆ ಬೆಲ್ಟಿನ ಕಡೆ ಗಮನ ಕೊಡಬಹುದು. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇದ್ದವರಿಗೆ ಇದು ಕಷ್ಟವಲ್ಲ.

ಟ್ರೇಯನ್ನು ತೂತಿನ ಮೂಲಕ ಹೊರಗೆ ತೆಗೆದುಕೊಂಡೇ ಡ್ರೈವನ್ನು ಪೆಟ್ಟಿಗೆಯಿಂದ ಬಿಡಿಸಿ. ಟ್ರೇಯ ಮುಂದಿನ ಪಟ್ಟಿಯನ್ನು ಮೇಲಕ್ಕೆ ಜಾರಿಸಿದರೆ ಬರುತ್ತದೆ. ಡ್ರೈವನ್ನು ಬೋರಲು ಹಾಕಿದರೆ ತಳದಲ್ಲಿ ನಾಲ್ಕು ಸಣ್ಣ ಸ್ಕ್ರೂ. ತಳದ ತಗಡು ಬಂದ ಮೇಲೆ ಮುಂದಿನ ಪ್ಲಾಸ್ಟಿಕ್ ಮುಖ ಬದಿಯ ಕೊಕ್ಕೆಗಳಿಂದ ಕಳಚಿಕೊಳ್ಳುತ್ತದೆ. ಬೆಲ್ಟ್ ಸಾಮಾನ್ಯವಾಗಿ ಮುಂಭಾಗದಲ್ಲೇ, ಟ್ರೇಯ ಕೆಳಗೆ, ಒಂದು ಚಿಕ್ಕ ಗಾಲಿ ಮತ್ತು ಒಂದು ದೊಡ್ಡ ಗಾಲಿಗೆ ಸುತ್ತಿಕೊಂಡಿರುತ್ತದೆ. ಬೆರಳಿನಿಂದ ಮುಟ್ಟದೆ ಚಿಮಟದಲ್ಲಿ ಎತ್ತಿ. ಬೆರಳಿನ ಜಿಡ್ಡೂ ಜಾರಲು ಒಂದು ಕಾರಣ.

ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಐಪಿಎ ಅಂತ ಕರೆಯುವ ಐಸೊಪ್ರೊಪೈಲ್ ಆಲ್ಕೊಹಾಲ್ ಇರುತ್ತದೆ. ಅದರಲ್ಲಿ ಬಟ್ಟೆ ಅದ್ದಿ ಬೆಲ್ಟನ್ನೂ ಎರಡು ಗಾಲಿಗಳನ್ನೂ ಒರೆಸಿ. ಕೈಗೆ ಹಾಕುವ ಸ್ಯಾನಿಟೈಸರ್ ಜೆಲ್ ಬೇಡ, ಅದರ ಅಂಟು ಉಳಿಯುತ್ತದೆ. ಇಷ್ಟಕ್ಕೇ ಎಷ್ಟೋ ಡ್ರೈವ್‌ಗಳು ಸರಿಯಾಗುತ್ತವೆ. ಆಗದಿದ್ದರೆ ಬೆಲ್ಟನ್ನು ಅರ್ಧ ನಿಮಿಷ ಕುದಿಯುವ ನೀರಿಗೆ ಹಾಕಿ, ತೆಗೆದು, ಒಣಗಿಸಿ ಕೂರಿಸಿದರೆ ಸ್ವಲ್ಪ ಕುಗ್ಗಿ ಹಿಡಿತ ಬರುತ್ತದೆ. ಇದು ತಾತ್ಕಾಲಿಕ. ಇರುವ ಡಿಸ್ಕ್‌ಗಳನ್ನು ಕಾಪಿ ಮಾಡಿಕೊಳ್ಳುವಷ್ಟು ಕಾಲ ಬಂದರೆ ಅದೇ ಲಾಭ. ಹೊಸ ಬೆಲ್ಟ್ ಬೇಕಾದರೆ ಹಳೆ ಬೆಲ್ಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಅಳತೆ ನೋಡಿ ತರಬೇಕು. ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಹಳೆಯ ಅಂಗಡಿ ಇನ್ನೂ ಇದ್ದರೆ ಅಲ್ಲಿ ಒಂದು ಡಬ್ಬದಲ್ಲಿ ಸಿಗುವ ಸಾಧ್ಯತೆ ಇದೆ. ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿದರೆ ಮೊದಲು ಜೋರಾಗಿ ಕೆಲಸ ಮಾಡಿ, ಆಮೇಲೆ ಹಿಗ್ಗಿ ಕೈಕೊಡುತ್ತದೆ.

ಎಣ್ಣೆ ಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಯಾವುದೂ ಬೇಡ. ಒಂದು ಹನಿ ಹರಿದು ಬೆಲ್ಟಿಗೆ ತಾಗಿದರೆ ಇದ್ದ ಹಿಡಿತವೂ ಹೋಯಿತು. ಲೇಸರ್ ಕಣ್ಣಿನ ಮೇಲೆ ಬಿದ್ದರಂತೂ ಕೇಳುವುದೇ ಬೇಡ.

ಇನ್ನೊಂದು ಎಚ್ಚರಿಕೆ ಕಡ್ಡಾಯ. ಡ್ರೈವ್ ಬಿಚ್ಚಿದ ಸ್ಥಿತಿಯಲ್ಲಿ ಕರೆಂಟ್ ಕೊಟ್ಟು ಒಳಗೆ ಇಣುಕಬೇಡಿ. ಸಿಡಿ ಓದುವ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಅದು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಡಿವಿಡಿಯದು 650 ನ್ಯಾನೋಮೀಟರಿನ ಕೆಂಪು ಬೆಳಕು. ಬರೆಯುವ ಡ್ರೈವ್‌ಗಳಲ್ಲಿ ಇದರ ಶಕ್ತಿ ಕಣ್ಣಿಗೆ ಹಾನಿ ಮಾಡುವಷ್ಟಿರುತ್ತದೆ. ಡ್ರೈವಿನ ತಗಡಿನ ಮೇಲಿರುವ ಹಳದಿ ಚೀಟಿ ಹೇಳುವುದು ಅದನ್ನೇ.

## ಲ್ಯಾಪ್‌ಟಾಪ್‌ನದು ಬೇರೆ ಕತೆ

ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ ಟ್ರೇ ನೂಕುವ ಮೋಟಾರೂ ಇಲ್ಲ, ಬೆಲ್ಟೂ ಇಲ್ಲ. ಟ್ರೇ ಹಿಂದೆ ಒಂದು ಸ್ಪ್ರಿಂಗ್ ಇದೆ, ಅದನ್ನು ತಡೆದು ನಿಲ್ಲಿಸಲು ಒಂದು ಕೊಕ್ಕೆ. ಬಟನ್ ಒತ್ತಿದರೆ ಕೊಕ್ಕೆ ಬಿಟ್ಟುಕೊಂಡು ಟ್ರೇ ಸ್ವಲ್ಪ ಚಿಮ್ಮುತ್ತದೆ, ಉಳಿದದ್ದನ್ನು ನಾವೇ ಎಳೆಯಬೇಕು. ಹಾಗಾಗಿ ಇಲ್ಲಿ ಟ್ರೇ ಬರದಿದ್ದರೆ ಕಾರಣ ಕಂಪ್ಯೂಟರಿನ ಬೀಗ, ಇಲ್ಲವೇ ಧೂಳು ತುಂಬಿದ ಕೊಕ್ಕೆ. ಪುಟ್ಟ ತೂತು ಇಲ್ಲೂ ಇದೆ. ಒತ್ತಿದರೆ ನೇರ ಕೊಕ್ಕೆಗೇ ಹೋಗುತ್ತದೆ, ಅಷ್ಟು ಬಲವೂ ಬೇಡ.

ಆದರೆ ಡಿಸ್ಕ್ ತೆಗೆಯುವಾಗ ಜೋಪಾನ. ಇಲ್ಲಿ ಮೇಲಿನಿಂದ ಅದುಮುವ ಕ್ಲ್ಯಾಂಪ್ ಇಲ್ಲ. ನಡುವಿನ ಗುಬಟಿನಲ್ಲಿರುವ ಸಣ್ಣ ಉಗುರುಗಳು ಡಿಸ್ಕನ್ನು ಹಿಡಿದಿರುತ್ತವೆ. ಹೆಬ್ಬೆರಳಿನಿಂದ ಗುಬಟನ್ನು ಕೆಳಗೆ ಒತ್ತಿಕೊಂಡು, ಉಳಿದ ಬೆರಳಿನಿಂದ ಅಂಚನ್ನು ಎತ್ತಬೇಕು. ಬರೀ ಅಂಚು ಹಿಡಿದು ಎಳೆದರೆ ಡಿಸ್ಕ್ ಬಾಗಿ ನಡುವಿನ ತೂತಿನಿಂದ ಬಿರುಕು ಶುರುವಾಗುತ್ತದೆ.

ಟ್ರೇಯೇ ಇಲ್ಲದೆ, ಸೀಳಿನಲ್ಲಿ ಡಿಸ್ಕ್ ತೂರಿಸುವ ಡ್ರೈವ್‌ಗಳೂ ಇವೆ. ಆಪಲ್ ಕಂಪನಿಯ ಐಮ್ಯಾಕ್‌ಗೆ ಇದು 1999ರಲ್ಲಿ ಬಂತು, ಹಳೆ ಮ್ಯಾಕ್‌ಬುಕ್‌ಗಳಲ್ಲೂ ಇದೇ. ಇವುಗಳಲ್ಲಿ ಸಾಮಾನ್ಯವಾಗಿ ತುರ್ತು ತೂತು ಕಾಣೋದಿಲ್ಲ. ಮೌಸ್ ಅಥವಾ ಟ್ರ್ಯಾಕ್‌ಪ್ಯಾಡಿನ ಬಟನ್ ಒತ್ತಿ ಹಿಡಿದುಕೊಂಡೇ ಮ್ಯಾಕ್ ಆನ್ ಮಾಡಿದರೆ ಡಿಸ್ಕ್ ಹೊರಗೆ ಬರಬೇಕು. ಇಂಥ ಡ್ರೈವಿಗೆ 8 ಸೆಂಟಿಮೀಟರಿನ ಚಿಕ್ಕ ಡಿಸ್ಕ್ ಹಾಕಿದ್ದರೆ ಅದನ್ನು ಹೊರದೂಡುವ ಏರ್ಪಾಡಿಗೆ ಅದು ಸಿಗುವುದೇ ಇಲ್ಲ. ಅಲ್ಲಿ ರಿಪೇರಿಯವರನ್ನು ಕರೆಯುವುದೇ ಮೇಲು, ಸ್ಕೇಲ್ ತೂರಿಸಿ ಕೆದಕಬೇಡಿ.

## ಡಿಸ್ಕೇ ಒಡೆದಿದ್ದರೆ

ಓದುತ್ತಿರುವಾಗ ಢಪ್ ಅಂತ ಸದ್ದು ಬಂದು, ಆಮೇಲೆ ಡ್ರೈವ್ ಅಲ್ಲಾಡಿಸಿದರೆ ಒಳಗೆ ಚೂರು ಗಲಗಲ ಅಂದರೆ ಡಿಸ್ಕ್ ಒಡೆದಿದೆ. ಬಿರುಕಿದ್ದ ಡಿಸ್ಕ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದರೆ ಹೀಗಾಗುವುದುಂಟು. ಇಲ್ಲಿ ಟ್ರೇ ಎಳೆಯುವ ಹಟ ಬಿಡಿ. ಚೂರುಗಳು ಗಾಜಿನಷ್ಟೇ ಹರಿತ. ಡ್ರೈವನ್ನು ಹಾಗೇ ಬಿಡಿಸಿ ಹೊಸದು ಹಾಕಿಸುವುದೇ ಸರಿ.

ಕಾಗದದ ಸ್ಟಿಕ್ಕರ್ ಅಂಟಿಸಿದ ಡಿಸ್ಕ್ ಇನ್ನೊಂದು ತರಲೆ. ಮದುವೆ ಸ್ಟುಡಿಯೋದವರು ವಧೂವರರ ಫೋಟೋ ಮುದ್ರಿಸಿ ಅಂಟಿಸಿ ಕೊಡುತ್ತಿದ್ದರಲ್ಲ, ಅದೇ. ತೇವಕ್ಕೆ ಅಂಚು ಏಳುತ್ತದೆ, ಡ್ರೈವಿನ ಬಿಸಿಗೆ ಅಂಟು ಕರಗುತ್ತದೆ, ಡಿಸ್ಕ್ ಮೇಲಿನ ಕ್ಲ್ಯಾಂಪಿಗೆ ಅಂಟಿಕೊಳ್ಳುತ್ತದೆ. ಟ್ರೇ ಖಾಲಿ ಬಂದು ಡಿಸ್ಕ್ ಒಳಗೇ ಉಳಿದಿದ್ದರೆ ಇದೇ ಕಾರಣ ಇರಬಹುದು. ಎದ್ದ ಸ್ಟಿಕ್ಕರನ್ನು ಕಿತ್ತುಹಾಕಲು ಮಾತ್ರ ಹೋಗಬೇಡಿ. ಸಿಡಿಯಲ್ಲಿ ಮಾಹಿತಿ ಇರುವ ಪದರ ಲೇಬಲ್ಲಿನ ಬದಿಗೇ, ತೆಳು ವಾರ್ನಿಶ್ ಕೆಳಗೆ ಇದೆ. ಸ್ಟಿಕ್ಕರಿನ ಜೊತೆ ಅದೂ ಎದ್ದು ಬರುತ್ತದೆ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುವುದರಿಂದ ಸ್ವಲ್ಪ ವಾಸಿ.

## ಡಿಸ್ಕ್ ಕೈಗೆ ಬಂದ ಮೇಲೆ

ಡಿಸ್ಕನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ನೋಡಿ. ಕೊಳೆ ಇದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ದುಂಡಗೆ ಒರೆಸಬಾರದು. ಮಾಹಿತಿ ಡಿಸ್ಕಿನಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಅಡ್ಡ ಬಿದ್ದ ಸಣ್ಣ ಗೀರಿನಿಂದ ಪ್ರತಿ ಸುತ್ತಿನಲ್ಲೂ ಒಂದಿಷ್ಟೇ ಹೋಗುತ್ತದೆ, ಅದನ್ನು ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳಬಲ್ಲದು. ಸುರುಳಿಯ ಉದ್ದಕ್ಕೆ ಗೀರು ಬಿದ್ದರೆ ಒಂದೇ ಕಡೆ ಜಾಸ್ತಿ ಹೋಗುತ್ತದೆ, ಆಗ ಅದರ ಕೈಲೂ ಆಗೋದಿಲ್ಲ.

ಕಾಪಿ ಮಾಡುವಾಗ ಡಿಸ್ಕಿನಿಂದಲೇ ವಿಡಿಯೋ ಓಡಿಸಿ ನೋಡುತ್ತಾ ಕೂರಬೇಡಿ, ಮೊದಲು ಇಡೀ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಎಳೆದು ಹಾಕಿ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ, ಎರಡು ಪದರದ್ದರಲ್ಲಿ 8.5. ಹಾಗಾಗಿ 64 ಜಿಬಿಯ ಪೆನ್‌ಡ್ರೈವಿನಲ್ಲಿ ತುಂಬಿದ ಮಾಮೂಲಿ ಡಿವಿಡಿ ಒಂದು ಡಜನ್ ಆರಾಮವಾಗಿ ಕೂರುತ್ತವೆ. ವಿಂಡೋಸ್ 10ರಲ್ಲಿ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ಮೊದಲಿನಿಂದ ಇರೋದಿಲ್ಲ, ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್ ಹಾಕಿಕೊಂಡರೆ ಆಯಿತು.

ಡ್ರೈವ್ ಪೂರ್ತಿ ಕೈಕೊಟ್ಟಿದ್ದರೆ ರಿಪೇರಿಗಿಂತ ಬದಲಿಸುವುದೇ ಲೇಸು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್‌ಹ್ಯಾಂಡ್ ಡ್ರೈವ್ ಹುಡುಕಬಹುದು. ಕೊಳ್ಳುವ ಮುಂಚೆ ಅಗಲವಾದ ಪಟ್ಟಿ ಕೇಬಲ್ಲಿನ ಹಳೆ ಐಡಿಇ ಡ್ರೈವ್ ಬೇಕಾ, ಸಣ್ಣ ಕೇಬಲ್ಲಿನ ಸಾಟಾ ಬೇಕಾ ಅಂತ ನಿಮ್ಮ ಪೆಟ್ಟಿಗೆಯೊಳಗೆ ನೋಡಿಕೊಂಡು ಹೋಗಿ. ಅಂಗಡಿಯಲ್ಲೇ ಕರೆಂಟ್ ಕೊಟ್ಟು, ಡಿಸ್ಕ್ ಇಲ್ಲದೆ, ಟ್ರೇಯನ್ನು ನಾಲ್ಕೈದು ಸಲ ತೆರೆದು ಮುಚ್ಚಿಸಿ ನೋಡಿ. ಖಾಲಿ ಡ್ರೈವ್ ತೆರೆಯುವುದೇ ಬೆಲ್ಟಿಗೆ ಕಷ್ಟದ ಕೆಲಸ ಅಂತ ಈಗ ನಿಮಗೆ ಗೊತ್ತು, ಅಂಗಡಿಯವರಿಗೆ ಗೊತ್ತಿರಲಿಕ್ಕಿಲ್ಲ.

ನನ್ನನ್ನು ಕೇಳಿದರೆ ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ಡ್ರೈವ್ ಒಂದನ್ನು ತರುವುದು ಒಳ್ಳೆಯದು. ಒಳಗಿರುವುದು ಲ್ಯಾಪ್‌ಟಾಪ್ ಮಾದರಿಯ ತೆಳು ಡ್ರೈವೇ, ಬೆಲ್ಟಿನ ಕಾಟ ಇಲ್ಲ. ಹೊಸ ಲ್ಯಾಪ್‌ಟಾಪಿಗೂ ಅದು ನಡೆಯುತ್ತದೆ, ಅಕ್ಕಪಕ್ಕದ ಮನೆಯವರಿಗೂ ಎರವಲು ಕೊಡಬಹುದು. ಅದಕ್ಕೆ ಯುಎಸ್‌ಬಿಯಿಂದಲೇ ಕರೆಂಟ್ ಬರಬೇಕಾದ್ದರಿಂದ ಹಬ್‌ಗೆ ಚುಚ್ಚದೆ ಕಂಪ್ಯೂಟರಿಗೇ ನೇರವಾಗಿ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂಭಾಗದ ಯುಎಸ್‌ಬಿ ಜಾಗ ಆರಿಸಿಕೊಳ್ಳಿ, ಮುಂದಿನದಕ್ಕಿಂತ ಅಲ್ಲಿ ಕರೆಂಟ್ ಸರಿಯಾಗಿ ಬರುತ್ತದೆ. ಡ್ರೈವ್ ಟಿಕ್ ಟಿಕ್ ಅಂದು ಡಿಸ್ಕ್ ತಿರುಗಿಸಲಾಗದೆ ನಿಂತರೆ ಮೊದಲು ಅನುಮಾನಿಸಬೇಕಾದ್ದು ಕೇಬಲ್ಲನ್ನು.